ಮೆಚ್ಚುಗೆ ಸಾವಿರ, ಸೀರೆ ಮೂರು

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳಿವೆ, ಮಾವನವರೂ ನನ್ನ ಯಜಮಾನರೂ ನೇಯುತ್ತಾರೆ. ವ್ಯಾಪಾರಿಗೆ ಕೊಡುವ ಬದಲು ನೇರವಾಗಿ ಮಾರೋಣವೆಂದು ಎಂಟು ತಿಂಗಳ ಹಿಂದೆ ಫೇಸ್‌ಬುಕ್‌ನಲ್ಲಿ ಪುಟ ತೆರೆದೆ. 1,400 ಜನ ಲೈಕ್ ಮಾಡಿದ್ದಾರೆ, ಹೆಚ್ಚು ಜನರಿಗೆ ಕಾಣಲೆಂದು ನಾಲ್ಕು ಸಲ ಹಣ ಕೊಟ್ಟು ಬೂಸ್ಟ್ ಮಾಡಿದ್ದೇನೆ, ಆದರೆ ಮಾರಾಟವಾದದ್ದು ಮೂರೇ ಸೀರೆ. ಈಗ ಒಬ್ಬರು ಐದು ಸಾವಿರ ಫಾಲೋವರ್ಸ್ ಕೊಡಿಸುತ್ತೇನೆ ಎಂದು ಹಣ ಕೇಳುತ್ತಿದ್ದಾರೆ. ಕೊಡಲೇ? ನಮ್ಮ ಪುಟದ ಕೆಲವು ಚಿತ್ರಗಳನ್ನು ಪತ್ರದ ಜೊತೆ ಇಟ್ಟಿದ್ದೇನೆ.
– ಓದುಗರೊಬ್ಬರು, ಇಳಕಲ್

ಉತ್ತರ: ದಯವಿಟ್ಟು ಕೊಡಬೇಡಿ. ಹಾಗೆ ಕೊಂಡ ಐದು ಸಾವಿರ ಹೆಸರುಗಳಲ್ಲಿ ಸೀರೆ ಉಡುವವರು ಒಬ್ಬರೂ ಇರಲಿಕ್ಕಿಲ್ಲ. ಪುಟವನ್ನು ಹಿಂಬಾಲಿಸುವವರು ಬರಹವನ್ನು ಗಮನಿಸದೆ ಹೋದರೆ ಫೇಸ್‌ಬುಕ್ ಅದನ್ನು ಇತರರಿಗೆ ತೋರಿಸುವುದೂ ಕಡಿಮೆಯಾಗುವುದರಿಂದ, ಜೀವವಿಲ್ಲದ ಲೆಕ್ಕ ನಿಮಗೆ ಹೊರೆಯೇ ಆದೀತು.

ನೀವು ಕಳುಹಿಸಿದ ಚಿತ್ರಗಳನ್ನು ಗಮನವಿಟ್ಟು ನೋಡಿದೆ. ಎಲ್ಲವೂ ಮಂಚದ ಮೇಲೆ ಮಡಿಸಿಟ್ಟ ಸೀರೆಗಳು, ರಾತ್ರಿಯ ದೀಪದಲ್ಲಿ ತೆಗೆದವು. ಕೆಳಗೆ ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂಬ ಒಂದೇ ಸಾಲು. ಮೈಸೂರಿನಲ್ಲೋ ಪುಣೆಯಲ್ಲೋ ಕುಳಿತು ಮೊಬೈಲ್ ನೋಡುವ ಹೆಣ್ಣುಮಗಳಿಗೆ ಬಟ್ಟೆಯನ್ನು ಮುಟ್ಟಿ ನೋಡುವ ಅವಕಾಶವಿಲ್ಲ, ನಿಮ್ಮ ಪರಿಚಯವಿಲ್ಲ, ಇದು ನಿಜವಾಗಿಯೂ ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬ ಅನುಮಾನ ಬೇರೆ. ಆ ಅನುಮಾನವನ್ನು ನಿವಾರಿಸುವುದೇ ನಿಮ್ಮ ಪುಟದ ಮೊದಲ ಕೆಲಸ, ಲೈಕ್ ಸಂಗ್ರಹಿಸುವುದಲ್ಲ.

ಅದಕ್ಕೆ ಬೇಕಾದದ್ದು ನಿಮ್ಮ ಮನೆಯಲ್ಲೇ ಇದೆ. ಒಡಲಿನ ಹಾಸಿಗೂ (ಉದ್ದದ ಎಳೆಗಳು) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಟೋಪ ತೆನೆಯ ಕೌಶಲ ಇಳಕಲ್ ಸೀರೆಯ ಗುರುತು. ನಿಮ್ಮ ಮಾವನವರ ಬೆರಳುಗಳು ಒಂದೊಂದೇ ಎಳೆಯನ್ನು ಹಿಡಿದು ಆ ಕೊಂಡಿ ಹಾಕುವುದನ್ನು ಬೆಳಗಿನ ಬೆಳಕಿನಲ್ಲಿ, ಹಾಡು ಸೇರಿಸದೆ, ಮಗ್ಗದ ಸದ್ದಿನೊಂದಿಗೇ ಒಂದು ನಿಮಿಷ ಚಿತ್ರೀಕರಿಸಿ. ಮುಂದಿನ ವಾರ ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ವಿನ್ಯಾಸ ಮೂಡುವುದನ್ನು ತೋರಿಸಿ, ಯಾವುದು ಹಣಿಗೆ, ಯಾವುದು ಜೋಳದ ತೆನೆ ಎಂದು ನೀವೇ ನಿಮ್ಮ ಮಾತಿನಲ್ಲಿ ಹೇಳಿ. ಪುಸ್ತಕದ ಕನ್ನಡ ಬೇಡ, ನಿಮ್ಮ ಊರಿನ ಕನ್ನಡವೇ ನಂಬಿಕೆ ಹುಟ್ಟಿಸುತ್ತದೆ. ಸೀರೆಯ ಹಿಂಬದಿಯನ್ನೂ ಕೊಂಡಿಯ ಸಾಲನ್ನೂ ಹತ್ತಿರದಿಂದ ತೋರಿಸಿ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇರುವುದನ್ನು ತಿಳಿಸಿ, ಬಟ್ಟೆ ಕೈಮಗ್ಗದ್ದೇ ಎಂದು ಸಾರುವ, 2006ರಲ್ಲಿ ಆರಂಭವಾದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ನಿಮ್ಮ ಸೀರೆಗಿದ್ದರೆ ಅದರ ಚಿತ್ರವನ್ನೂ ಹಾಕಿ.

ಇನ್ನು ಬೆಲೆ. ಇದನ್ನು ನಾನು ಒತ್ತಿ ಹೇಳುತ್ತೇನೆ: ಬೆಲೆಯನ್ನು ಬಹಿರಂಗವಾಗಿಯೇ ಬರೆಯಿರಿ. ಕೇಳಲು ಸಂಕೋಚಪಡುವವರು ಕೇಳದೆಯೇ ಮುಂದೆ ಹೋಗುತ್ತಾರೆ, ಕೇಳಿದವರಿಗೆ ಉತ್ತರ ತಡವಾದರೆ ಅವರೂ ಹೋಗುತ್ತಾರೆ. ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಪ್ಪಟ ರೇಷ್ಮೆಯೋ ಅಲ್ಲವೋ, ಉದ್ದ ಎಷ್ಟು, ರವಿಕೆಯ ಬಟ್ಟೆ ಇದೆಯೋ, ಅಂಚೆ ವೆಚ್ಚ ಎಷ್ಟು, ಬಣ್ಣ ಬೇರೆ ಬೇಕೆಂದರೆ ನೇಯ್ದು ಕೊಡಲು ಎಷ್ಟು ದಿನ ಬೇಕು ಎಂಬುದನ್ನೆಲ್ಲ ಅಲ್ಲಿಯೇ ತಿಳಿಸಿ. ಫೋನಿನ ಪರದೆಯಲ್ಲಿ ಬಣ್ಣ ತುಸು ಬೇರೆಯಾಗಿ ಕಾಣಬಹುದೆಂಬ ಮಾತನ್ನು ಮುಂಚೆಯೇ ಹೇಳಿಬಿಟ್ಟರೆ ಆಮೇಲಿನ ಜಗಳ ತಪ್ಪುತ್ತದೆ.

ಬೂಸ್ಟ್ ಮಾಡುವುದು ತಪ್ಪಲ್ಲ. ಆದರೆ ಅಲ್ಲಿ ಗುರಿಯನ್ನು ಆರಿಸುವಾಗ ಲೈಕ್ ಬದಲು ‘ಹೆಚ್ಚು ಸಂದೇಶಗಳು’ ಎಂಬುದನ್ನು ಆರಿಸಿ, ಇಡೀ ದೇಶಕ್ಕೆ ತೋರಿಸದೆ ಕೊಳ್ಳುವವರಿರುವ ಎರಡು ಮೂರು ನಗರಗಳಿಗೆ ಸೀಮಿತಗೊಳಿಸಿ. ಜಾಹೀರಾತಿನ ಹಣದ ಮೇಲೆ ಶೇ 18 ಜಿಎಸ್‌ಟಿ ಸೇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಖರ್ಚು ಮಾಡುವುದಿದ್ದರೆ ಮದುವೆಯ ತಿಂಗಳುಗಳಿಗೆ, ದೀಪಾವಳಿಗೆ ಹಾಗೂ ರಾಷ್ಟ್ರೀಯ ಕೈಮಗ್ಗ ದಿನವಾದ ಆಗಸ್ಟ್ 7ಕ್ಕೆ ಎರಡು ಮೂರು ವಾರ ಮುಂಚೆ ಮಾಡಿ. ಬಂದವರನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಕರೆತನ್ನಿ. ಉಚಿತವಾದ ಆ ಆ್ಯಪ್‌ನಲ್ಲಿ ಸೀರೆಗಳ ಚಿತ್ರ, ಬೆಲೆಗಳ ಪಟ್ಟಿಯನ್ನು ಶಾಶ್ವತವಾಗಿ ಇಡಬಹುದು. ಹಣ ಬಂದಿದೆಯೇ ಎಂಬುದನ್ನು ಬ್ಯಾಂಕ್ ಖಾತೆಯಲ್ಲಿಯೇ ನೋಡಿ, ಗ್ರಾಹಕರು ಕಳುಹಿಸಿದ ಸ್ಕ್ರೀನ್‌ಶಾಟ್ ನಂಬಿ ಸೀರೆ ಕಳುಹಿಸಬೇಡಿ.

ಈಗಾಗಲೇ ಕೊಂಡ ಆ ಮೂವರಿಗೆ ಇವತ್ತೇ ಸಂದೇಶ ಕಳುಹಿಸಿ, ಸೀರೆ ಉಟ್ಟ ಚಿತ್ರವಿದ್ದರೆ ಪುಟದಲ್ಲಿ ಹಾಕಲು ಅವರ ಒಪ್ಪಿಗೆ ಕೇಳಿ.

ಪ್ರಶ್ನೆ: ನಮ್ಮ ರೊಟ್ಟಿ, ಚಟ್ನಿಪುಡಿ ವ್ಯಾಪಾರದ ಫೇಸ್‌ಬುಕ್ ಪುಟಕ್ಕೆ ‘ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ, 24 ಗಂಟೆಯಲ್ಲಿ ಪುಟ ಮುಚ್ಚುತ್ತೇವೆ’ ಎಂಬ ಸಂದೇಶವೂ ಒಂದು ಲಿಂಕ್ ಕೂಡ ಬಂದಿವೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ಲಿಂಕ್ ಒತ್ತಬೇಡಿ. ಕಂಪನಿಯ ಹೆಸರಿನಲ್ಲಿ ಹೆದರಿಸಿ ಪಾಸ್‌ವರ್ಡ್ ಕದಿಯುವವರು ಹೀಗೆಯೇ ಬರೆಯುತ್ತಾರೆ. ನಿಜವಾದ ಸೂಚನೆಯಿದ್ದರೆ ನಿಮ್ಮ ಪುಟದ ಸೆಟ್ಟಿಂಗ್ಸ್‌ನಲ್ಲಿಯೇ ಕಾಣಿಸುತ್ತದೆ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನು ಈಗಲೇ ಚಾಲೂ ಮಾಡಿ, ಮನೆಯ ಇನ್ನೊಬ್ಬರಿಗೂ ಪುಟದ ಪೂರ್ಣ ನಿಯಂತ್ರಣ ಕೊಟ್ಟಿರಿ. ಆಗ ಒಬ್ಬರ ಖಾತೆ ಕೈತಪ್ಪಿದರೂ ಇನ್ನೊಬ್ಬರಿಂದ ಪುಟ ಉಳಿಸಿಕೊಳ್ಳುವ ದಾರಿ ಇರುತ್ತದೆ. ಲಿಂಕ್ ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.