ಟೀಚರ್ ಹತ್ರ ಕೇಳಿ: ಗಡಗಡ ಓದ್ತಾರೆ, ಅರ್ಥ ಮಾತ್ರ ಆಗುದಿಲ್ಲ

ಪ್ರಶ್ನೆ: ನಾನು ಕಾಪು ಹತ್ರದ ಒಂದು ಸರ್ಕಾರಿ ಶಾಲೆಯ ಟೀಚರ್, ಐದನೇ ಕ್ಲಾಸು. ಮಕ್ಳು ಪಾಠ ಗಡಗಡ ಓದ್ತಾರೆ, ಒತ್ತಕ್ಷರ ಸಮೇತ, ಪ್ರಶ್ನೋತ್ತರವೂ ಸರಿ ಬರೀತಾರೆ. ಪುಸ್ತಕ ಮುಚ್ಚಿ 'ಎಂಥ ಓದಿದ್ದು ಹೇಳಿ' ಅಂದ್ರೆ ಮುಖಮುಖ ನೋಡ್ತಾರೆ. ಮನೆಯಲ್ಲಿ ಹೆಚ್ಚಿನವ್ರದ್ದು ತುಳು, ಕೆಲವರದ್ದು ಬ್ಯಾರಿ. ಕತೆ ಆದ್ರೆ ಹೇಗೋ ಆಗ್ತದೆ, ವಿಜ್ಞಾನ, ಸಮಾಜದ ಪಾಠ ಬಂದ್ರೆ ಪೂರ್ತಿ ಠುಸ್. ಎಂಥ ಮಾಡುದು?

ಉತ್ತರ: ಟೀಚರೇ, ಮೊದ್ಲು ಒಂದು ಸಣ್ಣ ಪರೀಕ್ಷೆ ನಿಮಗೇ. 'ಗಡುಪ್ಪನು ಲೊಂಚೆಯಲ್ಲಿ ತಿಬ್ಬಳವನ್ನು ಜಿರಟಿಸಿದನು.' ಈಗ ಪ್ರಶ್ನೆ: ಗಡುಪ್ಪನು ತಿಬ್ಬಳವನ್ನು ಎಲ್ಲಿ ಜಿರಟಿಸಿದನು? ಲೊಂಚೆಯಲ್ಲಿ! ಸರಿ ಉತ್ತರ, ಫುಲ್ ಮಾರ್ಕು. ಗಡುಪ್ಪ ಯಾರು, ಲೊಂಚೆ ಎಂಥದ್ದು ಅಂತ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಅದೆಲ್ಲ ನಾನು ಈಗಷ್ಟೇ ಕಟ್ಟಿದ ಪದಗಳು ಮಾರಾಯ್ರೇ. ಪಾಠದ ಹಿಂದಿನ ಅರ್ಧಕ್ಕರ್ಧ ಪ್ರಶ್ನೆಗಳಿಗೆ ನಿಮ್ಮ ಮಕ್ಳು ಉತ್ತರ ಬರಿಯುದು ಹೀಗೇ.

ಕಾಗುಣಿತ, ಒತ್ತಕ್ಷರ ಒಮ್ಮೆ ಕೈಗೆ ಬಂತು ಅಂದ್ರೆ ಕನ್ನಡದಲ್ಲಿ ಎಂಥ ಕೊಟ್ರೂ ಬಾಯಲ್ಲಿ ಓದ್ಲಿಕ್ಕೆ ಬರ್ತದೆ, 'ದ್ಯುತಿಸಂಶ್ಲೇಷಣೆ' ಸಮೇತ, ಅದನ್ನು ಕೇಳಿ ನಾವು ಅರ್ಥ ಆಯ್ತು ಅಂತ ತಿಳ್ಕೊಳ್ತೇವೆ. ಗಫ್ ಮತ್ತು ಟನ್ಮರ್ ಅನ್ನುವ ಸಂಶೋಧಕರು 1986ರಲ್ಲಿ ಹೇಳಿದ್ರು, ಓದಿ ಅರ್ಥ ಆಗುದು ಅಂದ್ರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಆ ಭಾಷೆ ಕೇಳಿದ್ರೆ ತಿಳಿಯುವ ಶಕ್ತಿ, ಇವೆರಡರ ಗುಣಾಕಾರ, ಕೂಡಿಸುದಲ್ಲ. ಒಂದು ಸೊನ್ನೆ ಆದ್ರೆ ಲೆಕ್ಕವೇ ಸೊನ್ನೆ. ನಿಮಗೆ ಡೌಟಿದ್ರೆ ಒಂದು ಪ್ಯಾರಾ ನೀವೇ ಓದಿ ಹೇಳಿ ನೋಡಿ, ಕಿವಿಯಲ್ಲಿ ಕೇಳಿಯೂ ತಿಳೀಲಿಲ್ಲ ಅಂದ್ರೆ ತೊಂದ್ರೆ ಅಕ್ಷರದ್ದಲ್ಲ, ಪುಸ್ತಕದ ಕನ್ನಡದ್ದು ಮತ್ತೆ ವಿಷಯದ್ದು. ಇನ್ನೂ ಹತ್ತು ಸಲ ಗಟ್ಟಿಯಾಗಿ ಓದಿಸಿ ಏನೂ ಪ್ರಯೋಜನ ಇಲ್ಲ.

ವಿಷಯ ಅಂದೆ ಅಲ್ವಾ, ಅದು ದೊಡ್ಡದು. ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಮಕ್ಳಿಗೆ ಬೇಸ್‌ಬಾಲ್ ಆಟದ ಬರಹ ಓದ್ಲಿಕ್ಕೆ ಕೊಟ್ರು, ಓದಿನಲ್ಲಿ ಹಿಂದೆ ಇದ್ರೂ ಆಟ ಗೊತ್ತಿದ್ದ ಮಕ್ಳು, ಚೆನ್ನಾಗಿ ಓದುವ ಆದ್ರೆ ಆಟ ಗೊತ್ತಿಲ್ಲದ ಮಕ್ಳಿಗಿಂತ ಹೆಚ್ಚು ನೆನಪಿಟ್ಟು ಹೇಳಿದ್ರು. ನಿಮ್ಮ ಕ್ಲಾಸಿಗೆ ಬೇಸ್‌ಬಾಲ್ ಬೇಡ, ಮೀನು ಉಂಟಲ್ಲ!

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ಶಾಲೆ ಶುರುವಾಗುವ ಹೊತ್ತಿಗೇ ಸರಿಯಾಗಿ ಬರ್ತದೆ. ಬೋರ್ಡಿನಲ್ಲಿ ಮೂರು ಕಾಲಂ ಹಾಕಿ: ಗೊತ್ತಿರುದು, ಗೊತ್ತಾಗ್ಬೇಕಾದ್ದು, ಗೊತ್ತಾದ್ದು. ಇದು ಡಾನಾ ಓಗಲ್ ಅನ್ನುವವ್ರು 1986ರಲ್ಲಿ ಕೊಟ್ಟ ಉಪಾಯ, ನೀವು ಟ್ರೈನಿಂಗಲ್ಲಿ ಕೇಳಿರ್ತೀರಿ, ಆದ್ರೆ ಕ್ಲಾಸಲ್ಲಿ ನಡುವಿನ ಕಾಲಮ್ಮನ್ನೂ ಟೀಚರೇ ತುಂಬಿಸಿಬಿಡ್ತಾರೆ, ಅಲ್ಲಿಗೆ ಕತೆ ಮುಗೀತು. ಅದನ್ನು ಮಕ್ಳಿಗೆ ಬಿಡಿ, ತುಳುವಿನಲ್ಲಿ ಕೇಳಿದ್ರೂ ಬರ್ಕೊಳ್ಳಿ. ಯಾರಾದ್ರೂ ಒಬ್ಬ ಕೇಳಿಯೇ ಕೇಳ್ತಾನೆ, 'ಬೋಟಿಗೆ ರಜೆ ಆದ್ರೆ ನಿನ್ನೆ ನಮ್ಮ ಮನೆಗೆ ಬಂಗುಡೆ ಎಲ್ಲಿಂದ ಬಂತು?' ಕೇಳ್ಲಿಲ್ಲಾಂದ್ರೆ ಮಾತ್ರ ನೀವು ಮೆಲ್ಲ ಬಾಯಿ ಹಾಕಿ.

ಆಮೇಲೆ ಪೇಪರಿನಲ್ಲಿ ಬಂದ ಮೀನುಗಾರಿಕೆ ರಜೆಯ ಸುದ್ದಿ ಕೊಡಿ. 'ನಿಷೇಧ', 'ಸಂತಾನೋತ್ಪತ್ತಿ' ಅಂಥ ಪದಗಳನ್ನು ಓದುವ ಮೊದ್ಲೇ ಅವರವರ ಮನೆಮಾತಿನಲ್ಲಿ ಬಿಡಿಸಿ ಹೇಳಿ. ಒಂದೊಂದು ಪ್ಯಾರಾಕ್ಕೆ ನಿಲ್ಲಿಸಿ, ಒಬ್ಬ ಹುಡುಗಿ ಟೀಚರ್ ಆಗಿ ಉಳಿದವ್ರಿಗೆ ಪ್ರಶ್ನೆ ಹಾಕ್ಲಿ, ಒಂದೇ ಕಂಡಿಷನ್, ಉತ್ತರ ಪ್ಯಾರಾದ ಒಂದೇ ಸಾಲಿನಲ್ಲಿ ಸಿಗ್ಬಾರ್ದು. ಬಂಗುಡೆಯ ಪ್ರಶ್ನೆಗೆ ಆ ಸುದ್ದಿಯಲ್ಲಿ ಪೂರ್ತಿ ಉತ್ತರ ಇರುದಿಲ್ಲ, ಅದೇ ಬೇಕಾದ್ದು ನಮಗೆ. ಮೀನು ಮಾರುವ ಅಕ್ಕನ ಹತ್ರ ಒಬ್ಬ ಕೇಳ್ಲಿ, ಮಲ್ಪೆಯಲ್ಲಿ ತಂಡೇಲ, ಅಂದ್ರೆ ಬೋಟು ನಡೆಸುವವ, ಆಗಿರುವ ಮಾವನ ಹತ್ರ ಇನ್ನೊಬ್ಬ ಕೇಳ್ಲಿ. ನಾಡದೋಣಿ ಕಡಲಿಗೆ ಇಳಿಯಬಹುದು ಅಂತ ಒಬ್ರು ಹೇಳ್ತಾರೆ, ತಮಿಳುನಾಡಿನಿಂದ ಐಸ್ ಹಾಕಿ ಬರ್ತದೆ ಅಂತ ಇನ್ನೊಬ್ರು. ಆಗ ಕ್ಯಾಲೆಂಡರ್ ತೆಗೀರಿ: ಪೂರ್ವ ಕರಾವಳಿಯ ರಜೆ ಏಪ್ರಿಲ್ 15ರಿಂದ ಜೂನ್ 14. ಅಂದ್ರೆ ನಮ್ಮ ಬೋಟು ಇನ್ನೂ ದಡದಲ್ಲಿರುವಾಗಲೇ, ಜೂನ್ 15ರಿಂದ, ಅಲ್ಲಿಯವು ಕಡಲಿಗೆ ಇಳಿದಿರ್ತವೆ, ಇಷ್ಟನ್ನು ಎರಡು ತಾರೀಕು ಅಕ್ಕಪಕ್ಕ ಇಟ್ಟು ಮಕ್ಳೇ ಕಂಡುಹಿಡಿಯಬಹುದು. ಮೂರನೇ ಕಾಲಮ್ಮಿನಲ್ಲಿ ಬರೆಯುವಾಗ ಪಕ್ಕದಲ್ಲಿ 'ಯಾರು ಹೇಳಿದ್ದು' ಅಂತಲೂ ಬರೆಸಿ. ಇಬ್ರದ್ದು ಬೇರೆಬೇರೆ ಬಂದ್ರೆ ಎರಡೂ ಇರ್ಲಿ, ಒರೆಸ್ಬೇಡಿ.

ಪೋರ್ಶನ್ ಮುಗಿಯುದಿಲ್ಲ ಅಂತೀರಿ, ಗೊತ್ತು. ಆ ಗಡುಪ್ಪನಂಥ ಪ್ರಶ್ನೋತ್ತರಗಳನ್ನು ನೋಟ್ಸಲ್ಲಿ ಬರೆಸುದು ನಿಲ್ಲಿಸಿ, ವಾರಕ್ಕೆ ಎರಡು ಪೀರಿಯಡ್ ಆರಾಮಲ್ಲಿ ಸಿಗ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಕತೆ ಪುಸ್ತಕ ಮುಟ್ಟುದೇ ಇಲ್ಲ, ಹಾವು, ಹಡಗು ಅಂತ ಚಿತ್ರದ ಪುಸ್ತಕವೇ ಬೇಕು, ಅದನ್ನೂ ನಡುವಿಂದ ಓದ್ತಾನೆ. ಚಿಂತೆ ಮಾಡ್ಬೇಕಾ? (ಸುರತ್ಕಲ್‌ನಿಂದ ಒಬ್ರು ಅಮ್ಮ)

ಉತ್ತರ: ಬೇಡ. ಮಾಹಿತಿ ಪುಸ್ತಕ ಇರುದೇ ನಡುವಿಂದ ಓದ್ಲಿಕ್ಕೆ. ಪರಿವಿಡಿ ನೋಡಿ ಬೇಕಾದ ಪುಟಕ್ಕೆ ಹೋಗುದು, ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದುದು, ಇಷ್ಟು ಕಲಿಸಿ. ಕಾಳಿಂಗ ಸರ್ಪ ಎಲೆ ರಾಶಿ ಹಾಕಿ ಗೂಡು ಮಾಡ್ತದೆ ಅಂತ ಬಂದು ಹೇಳಿದ್ರೆ 'ಹೌದಾ, ಯಾವ ಪುಟದಲ್ಲಿ ಉಂಟು, ತೋರ್ಸು' ಅನ್ನಿ. ಕತೆಯನ್ನು ರಾತ್ರಿ ನೀವು ಓದಿ ಹೇಳಿದ್ರಾಯ್ತು.

ಪ್ರಶ್ನೆ: ಮಗಳ ಪ್ರಾಜೆಕ್ಟ್ 'ಮಂಗಳೂರು ಹಂಚು'. ಗೂಗಲ್ಲಿಂದ ಪ್ರಿಂಟ್ ತೆಗೆದು ಅಂಟಿಸುದು ಬಿಟ್ಟು ಬೇರೆ ದಾರಿ ಉಂಟಾ? (ಬಿಕರ್ನಕಟ್ಟೆಯ ಅಪ್ಪ)

ಉತ್ತರ: ಉಂಟು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವ್ರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಎಲ್ಲ ಪ್ರಿಂಟಿನಲ್ಲೂ ಸಿಗ್ತದೆ, ಅದನ್ನು ಎರಡು ಸಾಲು ಬರೀಲಿ ಸಾಕು. ಬದಲಿಗೆ ಅಜ್ಜಿ ಮನೆಯ ಹಳೇ ಹಂಚು ತಿರುಗಿಸಿ ನೋಡ್ಲಿಕ್ಕೆ ಹೇಳಿ, ಕಾರ್ಖಾನೆಯ ಹೆಸರು ಒತ್ತಿರ್ತಾರೆ. ನೆರೆಕರೆಯ ನಾಲ್ಕೈದು ಮನೆಯದ್ದೂ ಬರ್ಕೊಳ್ಳಲಿ, ಆ ಕಾರ್ಖಾನೆ ಈಗ ಉಂಟಾ, ಇಲ್ಲಾಂದ್ರೆ ಆ ಜಾಗದಲ್ಲಿ ಎಂಥ ಉಂಟು ಅಂತ ಹಿರಿಯರ ಹತ್ರ ಕೇಳ್ಲಿ. ಥರ್ಮಾಕೋಲ್, ಗ್ಲಿಟರ್ ಎಂಥದ್ದೂ ಬೇಡ, ಹಳೇ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ಮತ್ತೆ ಏಣಿ ಹತ್ತುದು ನೀವು, ಮಗಳಲ್ಲ.