ಭಾಷೆ ಒಂದೇ, ಧರ್ಮ ಒಂದೇ ಆದರೆ ಜಗಳ ಇರಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಆಫ್ರಿಕಾದ ಬಗ್ಗೆ ಕೇಳಿದವರೇ ಜಾಸ್ತಿ. ಮೂರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಪ್ರಶ್ನೆ: ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು, ‘ಆಫ್ರಿಕಾದಲ್ಲಿ ಎರಡು ಸಾವಿರ ಭಾಷೆ, ಹತ್ತಾರು ಧರ್ಮ. ಅದಕ್ಕೇ ಅಲ್ಲಿ ಯಾವಾಗಲೂ ಹೊಡೆದಾಟ. ಎಲ್ಲ ಒಂದೇ ಆಗಿದ್ದರೆ ಶಾಂತಿ ಇರುತ್ತಿತ್ತು’ ಎಂದು ಹಾಕಿದ್ದಾರೆ. ಹೌದಾ ಸರ್? (ದಾವಣಗೆರೆಯ ಓದುಗರು)

ಭಾಷೆಗಳ ಲೆಕ್ಕ ಹೆಚ್ಚುಕಡಿಮೆ ಸರಿ. ಆಮೇಲಿನದು ಸುಮ್ನೆ ಮಾತು.

ಸೊಮಾಲಿಯಾವನ್ನೇ ನೋಡಿ. ಬಹುಪಾಲು ಜನ ಆಡುವುದು ಸೊಮಾಲಿ. ಹೆಚ್ಚುಕಡಿಮೆ ಎಲ್ಲರೂ ಸುನ್ನಿ ಮುಸ್ಲಿಮರು. ನಿಮ್ಮ ಗುಂಪಿನವರ ಲೆಕ್ಕದಲ್ಲಿ ಅದು ಖಂಡದಲ್ಲೇ ಗಟ್ಟಿ ದೇಶ ಆಗಬೇಕಿತ್ತು. 1991ರಲ್ಲಿ ಸಿಯಾದ್ ಬರ್ರೆಯ ಸರ್ಕಾರ ಬಿತ್ತು, ಅದರ ಜೊತೆಗೆ ದೇಶವೂ ಚೂರಾಯಿತು. ಅಲ್ಲಿ ಬಡಿದಾಡಿದ್ದು ಕುಲ ಮತ್ತು ಕುಲ.

ರುವಾಂಡಾದ್ದು ಇನ್ನೂ ಘೋರ. ಅಲ್ಲಿ ಹುಟು, ಟುಟ್ಸಿ ಎಂಬ ಎರಡು ಗುಂಪು, ಇಬ್ಬರೂ ಆಡುವುದು ಕಿನ್ಯರುವಾಂಡ ಭಾಷೆ. ಇಬ್ಬರಲ್ಲೂ ಹೆಚ್ಚಿನವರು ಕ್ರೈಸ್ತರು, ಎಷ್ಟೋ ಕಡೆ ಒಂದೇ ಚರ್ಚಿನವರು. 1930ರ ದಶಕದಲ್ಲಿ ಬೆಲ್ಜಿಯಂನ ಆಡಳಿತ ಗುರುತಿನ ಚೀಟಿಯಲ್ಲಿ ‘ಹುಟು’, ‘ಟುಟ್ಸಿ’ ಎಂದು ಬರೆಸಿತು. 1994ರಲ್ಲಿ ಹುಟು ಉಗ್ರರು ರಸ್ತೆ ರಸ್ತೆಯಲ್ಲಿ ತಡೆದು ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು. ಸುಮಾರು ನೂರು ದಿನಗಳಲ್ಲಿ ಸತ್ತವರು ಎಂಟು ಲಕ್ಷದಷ್ಟು. ಚರ್ಚಿನೊಳಗೆ ಅಡಗಿದವರನ್ನೂ ಬಿಡಲಿಲ್ಲ. ರೇಡಿಯೊ ದ್ವೇಷ ಕಾರುತ್ತಿದ್ದದ್ದು ಎಲ್ಲರ ಮನೆಮಾತಿನಲ್ಲೇ.

ಅದರ ಪಕ್ಕದಲ್ಲೇ ಟಾಂಜಾನಿಯಾ ಇದೆ. ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟು, ಅಷ್ಟೇ ಸಂಖ್ಯೆಯ ಭಾಷೆ. ಕ್ರೈಸ್ತರೂ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ. ಆದರೂ ಭಾಷೆಯ ಹೆಸರಲ್ಲೋ ಬುಡಕಟ್ಟಿನ ಹೆಸರಲ್ಲೋ ದೇಶ ಒಡೆಯುವಂಥ ಯುದ್ಧ ಅಲ್ಲಿ ಆಗಿಲ್ಲ. ಎಲ್ಲರಿಗೂ ಸಾಮಾನ್ಯ ಭಾಷೆಯಾಗಿ ಸ್ವಾಹಿಲಿ ಇದೆಯಲ್ಲ, ಅದಕ್ಕೇ ಎಂದು ತುಂಬ ಜನ ಉತ್ತರ ಮುಗಿಸಿಬಿಡುತ್ತಾರೆ. ಸ್ವಾಹಿಲಿ ಇದ್ದರಷ್ಟೇ ಸಾಲದು. ಅದು ಯಾರ ಭಾಷೆ ಅನ್ನುವುದೂ ನೋಡಬೇಕು.

ಸ್ವಾಹಿಲಿ ಮೊದಲು ಕರಾವಳಿಯ ಮುಸ್ಲಿಮ್ ವ್ಯಾಪಾರಿಗಳ ಮಾತು. ಮೂಲ ಬಂಟು ಎಂಬ ಆಫ್ರಿಕಾದ ದೊಡ್ಡ ಭಾಷಾ ಗುಂಪಿನದು, ತುಂಬ ಪದಗಳು ಅರಬ್ಬಿಯವು. ಬರೆಯುತ್ತಿದ್ದದ್ದೂ ಅರಬ್ಬಿ ಲಿಪಿಯಲ್ಲಿ. ಆಮೇಲೆ ಬಂದ ಪಾದ್ರಿಗಳೂ ಜರ್ಮನ್ ಅಧಿಕಾರಿಗಳೂ ಅದನ್ನೇ ಹಿಡಿದುಕೊಂಡರು, ಲಿಪಿ ಮಾತ್ರ ರೋಮನ್‌ಗೆ ತಿರುಗಿತು. ಹೀಗೆ ಮಸೀದಿಯ ಅಂಗಳದ ಭಾಷೆ ಚರ್ಚಿಗೂ ಹೋಯಿತು. ಒಳನಾಡಿನ ಯಾವ ದೊಡ್ಡ ಬುಡಕಟ್ಟಿಗೂ ಅದು ಮನೆಮಾತಲ್ಲ. ಹಾಗಾಗಿ ‘ಅವರ ಭಾಷೆ ನಮ್ಮ ಮೇಲೆ ಹೇರಿದರು’ ಎಂದು ಹೇಳುವವರೂ ಕಡಿಮೆ. ಬಹಳ ಜನರ ಸ್ವಂತ ಭಾಷೆಯೂ ಬಂಟು ಗುಂಪಿನದೇ ಆದ್ದರಿಂದ ಕಲಿಯುವುದೂ ಸಲೀಸು.

ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಝನಾಕಿ ಎಂಬ ಸಣ್ಣ ಬುಡಕಟ್ಟಿನವರು. ಧರ್ಮದಲ್ಲಿ ಕ್ಯಾಥೊಲಿಕ್. ಪ್ರಾಥಮಿಕ ಶಾಲೆಯ ಪಾಠವನ್ನು ಸ್ವಾಹಿಲಿಗೆ ತಂದರು. ನೌಕರರನ್ನು ಸ್ವಂತ ಜಿಲ್ಲೆ ಬಿಡಿಸಿ ದೂರ ದೂರ ಹಾಕಿದರು. 1967ರ ನಂತರದ ಜನಗಣತಿಗಳಲ್ಲಿ ಧರ್ಮ ಯಾವುದೆಂದು ಕೇಳುವುದನ್ನೇ ನಿಲ್ಲಿಸಿದರು. ಅವರಾದ ಮೇಲೆ ಮುಸ್ಲಿಮರಾದ ಮ್ವಿನ್ಯಿ, ನಂತರ ಕ್ರೈಸ್ತರಾದ ಎಂಕಾಪ, ಮತ್ತೆ ಮುಸ್ಲಿಮರಾದ ಕಿಕ್ವೆಟೆ, ಹೀಗೆ ಅಧ್ಯಕ್ಷ ಪಟ್ಟ ಸರದಿಯ ಮೇಲೆ ಬಂದಿದೆ. ಬರೆದಿಟ್ಟ ಕಾನೂನೇನೂ ಇಲ್ಲ.

ಹಾಗಂತ ಅದು ರಾಮರಾಜ್ಯವೂ ಅಲ್ಲ. ಈಗ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದ 1964ರ ಕ್ರಾಂತಿಯಲ್ಲಿ ಸಾವಿರಾರು ಜನ ಸತ್ತರು. ದಶಕಗಟ್ಟಲೆ ಒಂದೇ ಪಕ್ಷದ ಆಳ್ವಿಕೆ. ಸ್ವಾಹಿಲಿಯ ಅಬ್ಬರದಲ್ಲಿ ಸಣ್ಣ ಭಾಷೆಗಳು ಸೊರಗುತ್ತಿವೆ. ಇದನ್ನು ‘ಒಗ್ಗಟ್ಟಿನ ಬೆಲೆ’ ಎಂದು ಕೈತೊಳೆದುಕೊಳ್ಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರೌಢಶಾಲೆಗೆ ಬಂದ ಮಕ್ಕಳು ದಿಢೀರನೆ ಇಂಗ್ಲಿಷ್ ಪುಸ್ತಕದ ಮುಂದೆ ಕೂರಬೇಕು. ಈ ಫಜೀತಿ ಏನೆಂದು ಕನ್ನಡ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಗುಂಪಿನವರಿಗೆ ಒಂದೇ ಪ್ರಶ್ನೆ ಹಾಕಿ: ರುವಾಂಡಾದಲ್ಲಿ ಎಷ್ಟು ಭಾಷೆಗಳ ನಡುವೆ ಜಗಳ ನಡೆಯಿತು?

ಪ್ರಶ್ನೆ: ಕ್ರೈಸ್ತ ಮಿಷನರಿಗಳು ಆಫ್ರಿಕಾದ ಭಾಷೆಗಳನ್ನು ಕೊಂದರು ಅಂತಾರೆ. ನಮ್ಮಲ್ಲಿ ಕಿಟೆಲ್ ಅಂಥವರು ನಿಘಂಟು ಮಾಡಿಕೊಟ್ಟರಲ್ವಾ? (ಮಂಗಳೂರಿನ ಓದುಗರು)

ನೀವು ಕಿಟೆಲ್ ಹೆಸರು ತಂದದ್ದು ಒಳ್ಳೆಯದಾಯಿತು. ಅವರನ್ನು ಕಳಿಸಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದಕ್ಕೂ ಮೊದಲೇ, 1828ರಲ್ಲಿ, ಈಗಿನ ಘಾನಾಕ್ಕೆ ಹೋಗಿತ್ತು. ಇಲ್ಲಿ ಕಿಟೆಲ್ ಇದ್ದ ಹಾಗೆ ಅಲ್ಲಿ ಕ್ರಿಸ್ಟಾಲರ್. ಟ್ವಿ ಭಾಷೆಯ ಪೂರ್ತಿ ಬೈಬಲ್ 1871ರಲ್ಲಿ, 3,600 ಗಾದೆಗಳ ಸಂಗ್ರಹ 1879ರಲ್ಲಿ, ನಿಘಂಟು 1881ರಲ್ಲಿ. ಕಿಟೆಲ್ ನಿಘಂಟು 1894ರದ್ದು.

ಕೊಂದರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆದರೆ ಒಡೆದರು ಅನ್ನಬಹುದು. ಬಾಸೆಲ್‌ನವರು ಬರಹಕ್ಕೆ ಆರಿಸಿಕೊಂಡದ್ದು ಅಕ್ವಾಪೆಮ್ ಕಡೆಯ ಟ್ವಿ. ಕರಾವಳಿಯ ಫಾಂಟೆ ಜನರ ನಡುವೆ ಮೆಥಡಿಸ್ಟರು ಇದ್ದರು, ಅವರ ಕಾಗುಣಿತ ಬೇರೆ. ಒಬ್ಬರ ಮಾತು ಒಬ್ಬರಿಗೆ ತಿಳಿಯುವ ಜನ ಚರ್ಚಿಗೊಂದು ಬಗೆಯಲ್ಲಿ ಬರೆಯತೊಡಗಿದರು. ಎಲ್ಲರಿಗೂ ಒಂದೇ ‘ಅಕಾನ್’ ಬರಹ ರೂಪಿಸುವ ಕೆಲಸಕ್ಕೆ ಮತ್ತೆ ನೂರು ವರ್ಷ ಹಿಡಿಯಿತು. ಇನ್ನು, ಮತಾಂತರವಾದವರನ್ನು ‘ಸೇಲಂ’ ಎಂಬ ಬೇರೆ ಕೇರಿಯಲ್ಲಿ ಇರಿಸಿ, ಊರ ಹಬ್ಬ, ಡೋಲುಗಳಿಂದ ದೂರ ಮಾಡಿದ್ದೂ ಉಂಟು.

ಅಷ್ಟಾದರೂ ವಾರದ ಹೆಸರು ಹೋಗಲಿಲ್ಲ. ಚರ್ಚಿನಲ್ಲಿ ಕ್ರೈಸ್ತ ಹೆಸರಿಟ್ಟರೂ ಮನೆಯಲ್ಲಿ ಮಗು ಹುಟ್ಟಿದ ವಾರದ ಹೆಸರು ಇದ್ದೇ ಇರುತ್ತದೆ. ‘ಕೋಫಿ’ ಎಂದರೆ ಶುಕ್ರವಾರ ಹುಟ್ಟಿದವನು, ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಹಾಗೆ. ‘ಕ್ವಾಮೆ’ ಎಂದರೆ ಶನಿವಾರದವನು, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಹಾಗೆ.

ಪ್ರಶ್ನೆ: ಮಗನಿಗೆ ಅಡಿಸ್ ಅಬಾಬಾದಲ್ಲಿ ಕೆಲಸ ಸಿಕ್ಕಿದೆ. ನಾವು ಸಸ್ಯಾಹಾರಿಗಳು. ಊಟಕ್ಕೆ ಕಷ್ಟ ಆಗುತ್ತಾ? (ಶಿರಸಿಯ ಓದುಗರು)

ಇದು ಅಡುಗೆ ಅಂಕಣಕ್ಕೆ ಹೋಗಬೇಕಾದ ಪ್ರಶ್ನೆ ಅಂದುಕೊಂಡೆ. ಆದರೆ ಇದಕ್ಕೆ ಉತ್ತರ ಇರುವುದು ಚರ್ಚಿನಲ್ಲೇ. ಅಡಿಸ್ ಅಬಾಬಾ ಇಥಿಯೋಪಿಯಾದ ರಾಜಧಾನಿ. ಆ ದೇಶದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ 55 ದಿನಗಳ ದೊಡ್ಡ ಉಪವಾಸ ಬೇರೆ. ಆಗ ಮಾಂಸ, ಮೊಟ್ಟೆ ಇರಲಿ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಹೋಟೆಲಿನಲ್ಲಿ ‘ತ್ಸೋಮ್’ (ಉಪವಾಸದ) ಊಟ ಕೇಳಿದರೆ ಇಂಜೆರಾ ಬರುತ್ತದೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟು ಹುಳಿ ಬರಿಸಿ ಒಂದೇ ಬದಿ ಬೇಯಿಸಿದ, ತೂತು ತೂತಿನ ಅಗಲ ದೋಸೆ ಎಂದುಕೊಳ್ಳಿ. ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೋ, ಎಲೆಕೋಸು, ಸೊಪ್ಪು. ಕೆಲವರು ಉಪವಾಸದಲ್ಲಿ ಮೀನು ತಿನ್ನುತ್ತಾರೆ, ಅದೊಂದನ್ನು ಕೇಳಿಕೊಳ್ಳಲಿ. ಉಳಿದ ದಿನ ಮಸಾಲೆ ತುಪ್ಪವೂ ಮಾಂಸವೂ ಧಾರಾಳ.

ಅಲ್ಲಿನ ಭಾಷೆ ಅಮ್ಹಾರಿಕ್ ಓದಲು ಕಲಿಯುವುದು ಅವನಿಗೆ ತುಂಬ ಕಷ್ಟವಾಗದು. ಪೂಜೆಯಲ್ಲಷ್ಟೇ ಉಳಿದಿರುವ ಗೀಝ್ ಎಂಬ ಹಳೆ ಭಾಷೆಯಿಂದ ಬಂದ ಲಿಪಿ ಅದು. ನಮ್ಮ ಕಾಗುಣಿತದಂತೆ ಅಲ್ಲೂ ಲ, ಲು, ಲಿ, ಲಾ, ಲೇ ಎಂದು ಒಂದೇ ಅಕ್ಷರಕ್ಕೆ ಗುರುತು ಬದಲಾಗುತ್ತಾ ಹೋಗುತ್ತದೆ.

ಗಡಿಯಾರದ ವಿಷಯ ಮಾತ್ರ ಮೊದಲೇ ಹೇಳಿ ಕಳಿಸಿ. ಅಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ‘ಎರಡು ಗಂಟೆಗೆ ಬನ್ನಿ’ ಎಂದು ಊರಿನವರು ಹೇಳಿದರೆ ಅದು ನಮ್ಮ ಬೆಳಿಗ್ಗೆ ಎಂಟು. ಮೊದಲ ದಿನ ಆಫೀಸಿಗೆ ಹೋಗುವಾಗ ಯಾವ ಲೆಕ್ಕದ ಗಂಟೆ ಎಂದು ಕೇಳಿಯೇ ಹೊರಡಲಿ.