ಬಿಝಿಬಾಕ್ಸ್‌ನ ಎಂಕೆಇ2ಎಫ್‌ಎಸ್ ಇದ್ದರೆ ಇ2ಎಫ್‌ಎಸ್‌ಪ್ರಾಗ್ಸ್ ಬಿಡಬಹುದಾ?

ಪುಟ್ಟ ಸಾಧನಗಳಿಗೆ ಲಿನಕ್ಸ್ ಕಟ್ಟಿಕೊಡೋ ಬಿಲ್ಡ್‌ರೂಟ್‌ನ ಇಮೇಜ್ ಚಿಕ್ಕದಾಗಲಿ ಅಂತ, ಇಎಕ್ಸ್‌ಟಿ ಫೈಲ್‌ಸಿಸ್ಟಮ್‌ಗಳನ್ನು ಫಾರ್ಮ್ಯಾಟ್, ಚೆಕ್, ರಿಪೇರಿ ಮಾಡೋ ಇ2ಎಫ್‌ಎಸ್‌ಪ್ರಾಗ್ಸ್ ತೆಗೆದು, ಹಲವು ಕಮಾಂಡ್‌ಗಳ ಪುಟ್ಟ ರೂಪ ಒಟ್ಟಿಗಿರೋ ಬಿಝಿಬಾಕ್ಸ್‌ನಲ್ಲೇ ಫಾರ್ಮ್ಯಾಟ್ ಮಾಡೋ ಯೋಚನೆ, ಅಲ್ವಾ? ನಾನೂ ತೆಗೆದಿದ್ದೆ. ನೀವು ತೆಗೆಯಬೇಡಿ.

ನಮ್ಮದು ಇಎಂಎಂಸಿ (ಬೋರ್ಡ್ ಮೇಲಿನ ಫ್ಲ್ಯಾಶ್ ಸ್ಟೋರೇಜ್) ಇದ್ದ ಪುಟ್ಟ ಡೇಟಾ ಲಾಗರ್. ಮೊದಲ ಬೂಟ್‌ನಲ್ಲಿ ಸ್ಕ್ರಿಪ್ಟ್ ಒಂದು ಡೇಟಾ ಪಾರ್ಟಿಷನ್‌ನ ಫಾರ್ಮ್ಯಾಟ್ ಮಾಡುತ್ತಿತ್ತು. ಅದರಲ್ಲಿ ನಾನು ಬರೆದಿದ್ದು 'ಎಂಕೆಇ2ಎಫ್‌ಎಸ್ -ಜೆ'. ಜೆ ಅಂದರೆ ಜರ್ನಲ್, ಮಾಡೋ ಬದಲಾವಣೆಯನ್ನು ಫೈಲ್‌ಸಿಸ್ಟಮ್ ಮೊದಲೇ ಬರೆದಿಟ್ಟುಕೊಳ್ಳೋ ದಾಖಲೆ. ಬಿಝಿಬಾಕ್ಸ್‌ನ ಎಂಕೆಇ2ಎಫ್‌ಎಸ್‌ಗೆ ಬರೋದು ಬರೀ ಇಎಕ್ಸ್‌ಟಿ2, ಜರ್ನಲ್ ಇಲ್ಲದ ಹಳೆಯ ಫೈಲ್‌ಸಿಸ್ಟಮ್. ಆದರೆ -ಜೆ ಕೊಟ್ಟರೆ ಅದು ಬೈಯೋದಿಲ್ಲ. ಆಪ್ಷನ್ ತಗೊಂಡು ಸುಮ್ನೆ ಪಕ್ಕಕ್ಕಿಡುತ್ತೆ. ಮುಂದೆ 'ಮೌಂಟ್ -ಟಿ ಇಎಕ್ಸ್‌ಟಿ4' ಕೂಡ ಸಲೀಸಾಗಿ ಆಗುತ್ತೆ, ಯಾಕಂದರೆ ಕರ್ನಲ್‌ನ ಇಎಕ್ಸ್‌ಟಿ4 ಡ್ರೈವರ್ ಜರ್ನಲ್ ಇಲ್ಲದ ಪಾರ್ಟಿಷನ್ನೂ ಒಪ್ಪುತ್ತೆ. ಸುಳಿವು ಇದ್ದಿದ್ದು ಕರ್ನಲ್ ಲಾಗ್ ತೋರಿಸೋ ಡಿಮೆಸೇಜ್‌ನ ಒಂದೇ ಸಾಲಿನಲ್ಲಿ: 'ಮೌಂಟೆಡ್ ಫೈಲ್‌ಸಿಸ್ಟಮ್ ವಿಥೌಟ್ ಜರ್ನಲ್'. ಅದನ್ನು ನಾನು ಓದಲೇ ಇಲ್ಲ.

ಕರೆಂಟ್ ಹೋಗಿ ಬರೋ ಜಾಗಗಳಲ್ಲಿ ಸಾಧನಗಳು ಒಂದೊಂದಾಗಿ ಕೈಕೊಟ್ಟವು. ಬರೆಯೋ ನಡುವೆ ಪವರ್ ಹೋದರೆ ಇನೋಡ್, ಬಿಟ್‌ಮ್ಯಾಪ್ (ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಅನ್ನೋ ಲೆಕ್ಕ) ಅರ್ಧಂಬರ್ಧ ಆಗುತ್ತೆ. ಜರ್ನಲ್ ಇದ್ದಿದ್ದರೆ ಮುಂದಿನ ಮೌಂಟ್‌ನಲ್ಲೇ ಸರಿಹೋಗುತ್ತಿತ್ತು. ಇಲ್ಲದಿದ್ದರೆ ಇಡೀ ಪಾರ್ಟಿಷನ್ ಚೆಕ್ ಆಗಬೇಕು. ಬೂಟ್ ಸ್ಕ್ರಿಪ್ಟ್‌ನಲ್ಲಿ ಚೆಕ್ ಮಾಡೋ ಎಫ್‌ಎಸ್‌ಸಿಕೆ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಆದರೆ ಬಿಝಿಬಾಕ್ಸ್‌ನ ಎಫ್‌ಎಸ್‌ಸಿಕೆ ತಾನೇ ಏನೂ ರಿಪೇರಿ ಮಾಡೋದಿಲ್ಲ. 'ಎಫ್‌ಎಸ್‌ಸಿಕೆ.ಇಎಕ್ಸ್‌ಟಿ4' ಅನ್ನೋ ಬೇರೆ ಪ್ರೋಗ್ರಾಂನ ಕರೆಯುತ್ತೆ, ಅಷ್ಟೇ. ಅದು ಇರೋದು ನಾನು ಕಿತ್ತುಹಾಕಿದ್ದ ಇ2ಎಫ್‌ಎಸ್‌ಪ್ರಾಗ್ಸ್‌ನಲ್ಲಿ! ಸ್ಕ್ರಿಪ್ಟ್ ಎಫ್‌ಎಸ್‌ಸಿಕೆಯ ಎಗ್ಸಿಟ್ ಕೋಡ್ (ಮುಗಿದಾಗ ಕೊಡೋ ಫಲಿತಾಂಶದ ಸಂಖ್ಯೆ) ನೋಡದೆ ಮುಂದೆ ಹೋಗುತ್ತಿತ್ತು. ಆಮೇಲೆ ಕರ್ನಲ್‌ಗೆ ಎರರ್ ಸಿಕ್ಕಿ ಪಾರ್ಟಿಷನ್ ರೀಡ್-ಓನ್ಲಿ. ಸಾಧನ ಓಡುತ್ತಿದೆ, ಒಂದು ರೀಡಿಂಗೂ ಸೇವ್ ಆಗುತ್ತಿಲ್ಲ.

ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಗಿಗಾಬೈಟ್‌ಗಟ್ಟಲೆ ಇಎಂಎಂಸಿ ಇರುವಾಗ ಇಷ್ಟು ಸ್ವಲ್ಪ ಜಾಗ ಉಳಿಸಿ ಏನು ಮಾಡ್ತೀರಿ? ಜಾಗ ಬೇಕಿದ್ದರೆ ರೂಟ್‌ನ ಸ್ಕ್ವಾಶ್‌ಎಫ್‌ಎಸ್ (ಓದೋಕೆ ಮಾತ್ರ ಆಗೋ, ಕಂಪ್ರೆಸ್ ಆದ ಫೈಲ್‌ಸಿಸ್ಟಮ್) ಮಾಡಿ. ಜಾಸ್ತಿ ಉಳಿಯುತ್ತೆ, ಪವರ್ ಹೋದರೂ ಅದು ಕೆಡೋದಿಲ್ಲ. ಬಿಝಿಬಾಕ್ಸ್ ಮೆನುಕಾನ್ಫಿಗ್‌ನಲ್ಲಿ ಎಂಕೆಇ2ಎಫ್‌ಎಸ್ ಆಫ್ ಮಾಡಿ, ಒಂದೇ ಹೆಸರಿನ ಎರಡು ಪ್ರೋಗ್ರಾಂ ಬೇಡ. ಬಿಲ್ಡ್‌ರೂಟ್‌ನಲ್ಲಿ ಇ2ಎಫ್‌ಎಸ್‌ಪ್ರಾಗ್ಸ್ ಹಾಕಿ. (ಚಿಪ್ ಇಎಂಎಂಸಿ ಅಲ್ಲದೆ ಕಂಟ್ರೋಲರ್ ಇಲ್ಲದ ನ್ಯಾಂಡ್ ಫ್ಲ್ಯಾಶ್ ಆಗಿದ್ದರೆ ಈ ಮಾತೆಲ್ಲ ಬಿಡಿ, ಅದಕ್ಕೆಂದೇ ಇರೋ ಯುಬಿಐಎಫ್‌ಎಸ್ ಮತ್ತು ಎಂಟಿಡಿ-ಯುಟಿಲ್ಸ್ ನೋಡಿ.)

ಮೌಂಟ್‌ಗೆ ಮೊದಲು 'ಇ2ಎಫ್‌ಎಸ್‌ಸಿಕೆ -ಪಿ' (ಎಫ್‌ಎಸ್‌ಸಿಕೆ.ಇಎಕ್ಸ್‌ಟಿ4 ಅಂದರೂ ಇದೇ ಪ್ರೋಗ್ರಾಂ) ಓಡಿಸಿ, ಎಗ್ಸಿಟ್ ಕೋಡ್ ನೋಡಿ. 0 ಅಂದರೆ ಎಲ್ಲ ಸರಿ, 1 ಅಂದರೆ ತಪ್ಪಿತ್ತು, ಸರಿಮಾಡಿದೆ. 1 ಬಂದರೆ ಸ್ಕ್ರಿಪ್ಟ್ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬಾರದು. 4 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ನಿಜವಾದ ತೊಂದರೆ.

ಈಗಾಗಲೇ ಸಾಧನಗಳನ್ನು ಕಳಿಸಿದ್ದರೆ ಡೇಟಾ ಅಳಿಸಬೇಕಿಲ್ಲ. ಪಾರ್ಟಿಷನ್ ಅನ್‌ಮೌಂಟ್ ಮಾಡಿ, ಚೆಕ್ ಮಾಡಿ, ಇ2ಎಫ್‌ಎಸ್‌ಪ್ರಾಗ್ಸ್‌ನ 'ಟ್ಯೂನ್2ಎಫ್‌ಎಸ್ -ಜೆ' ಕೊಟ್ಟರೆ ಜರ್ನಲ್ ಸೇರುತ್ತೆ. ನಮ್ಮ ಸಾಧನಗಳನ್ನೂ ಅಪ್‌ಡೇಟ್‌ನಲ್ಲಿ ಹೀಗೇ ಸರಿಮಾಡಿದ್ದು.